ಟಿಪ್ಪಣಿ ಬರೆಯಿರಿ

ಗುಮಾಸ್ತಗಿರಿಯಿಂದ ಪಾರಾಗಲು ನಾನು ಇತಿಹಾಸದಲ್ಲಿ ಎಂ.ಎ. ಮಾಡಲು ನಿರ್ಧರಿಸಿದೆ. ಎಂ.ಎ. ಆದರೆ ಉಪನ್ಯಾಸಕನಾಗಬಹುದು, ಕಡತಗಳಿಗೆ ಕೈ ಮುಗಿಯಬಹುದು. ಅದರಲ್ಲೇನು ಕಷ್ಟ! ಕಲಬುರಗಿಯಿಂದ ಕಮಲಾಪುರದ ಕಚೇರಿಗೆ ಬಸ್ಸಿನಲ್ಲಿ ಹೋಗುವಾಗ ಬಹಮನಿ ಸುಲ್ತಾನರು, ಬರುವಾಗ ವಿಜಯನಗರ. ನಡುವೆ ಸಂಬಳಕ್ಕೆ ತಕ್ಕಷ್ಟು ಕೆಲಸ.

"ನಿಮ್ಗ ಬಸ್ ಹತ್ತಿದ ಕೂಡ್ಲೆ ನಿದ್ದಿ ಬರ್ತದಲ್ರೀ," ಎಂದಳು ಹೆಂಡತಿ ಸುಮಂಗಲಾ.

ಹೊಟ್ಟೆಕಿಚ್ಚು ಎಂದುಕೊಂಡೆ.

ಓದು ತಲೆಗೆ ಹತ್ತಿತು ನೋಡಿ, ತೊಂದರೆ ಅಲ್ಲಿಂದಲೇ ಶುರು. ಒಂದು ದಿನ ಕಚೇರಿಯ ಸಾಹೇಬರು ಕರೆದು, "ಸಂತಿ ರೋಡಿನ ಗಟಾರ ತುಂಬ್ಯಾದಂತ. ಒಂದು ಟಿಪ್ಪಣಿ ಬರದು ತರ್ರಿ," ಎಂದರು. ಟಿಪ್ಪಣಿ! ಹಳೆಯ ಪ್ರಶ್ನೆಪತ್ರಿಕೆಗಳ ಟಿಪ್ಪಣಿಗಳನ್ನೆಲ್ಲ ಬರೆದು ಕೈ ಪಳಗಿತ್ತು. ಪೀಠಿಕೆ, ಗಟಾರದ ಉಗಮ, ಉಚ್ಛ್ರಾಯ ಕಾಲ, ಅವನತಿಗೆ ಕಾರಣಗಳು, ಉಪಸಂಹಾರ. ಮುಖ್ಯ ಪದಗಳ ಕೆಳಗೆ ಗೆರೆ ಬೇರೆ!

"ಏನ್ರೀ ಇದು? ಹೊಲಸು ತೆಗಸ್ಲಿಕ್ಕೆ ಟಿಪ್ಪಣಿ ಕೇಳಿದ್ರ, ಗಟಾರಕ್ಕ ರಾಜವಂಶ ಹಚ್ಚೀರಲ್ರೀ!"

ಪರೀಕ್ಷೆಗೆ ರಜೆ ಕೊಡಬೇಕಾದವರು ಇವರೇ. ಹೆದರಿ, ಆಮೇಲೆಲ್ಲ ಅಚ್ಚ ಕಚೇರಿ ಟಿಪ್ಪಣಿಗಳನ್ನೇ ಬರೆದು ಕೈ ತಿದ್ದಿಕೊಂಡೆ. ಸಾಹೇಬರು ಖುಷಿಯಾಗಿ ರಜೆ ಕೊಟ್ಟರು.

ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ: 'ಕಲಬುರಗಿ ಕೋಟೆ ಕುರಿತು ಟಿಪ್ಪಣಿ ಬರೆಯಿರಿ.' ನಮ್ಮೂರ ಕೋಟೆ! ಸಂತೋಷಕ್ಕೆ ಕಣ್ಣು ತುಂಬಿ ಬಂತು. ಪೆನ್ನು ತಾನೇ ಓಡಿತು:

'ಮಾನ್ಯರೇ, ಸದರಿ ಕೋಟೆಯು ಬಹಳ ಹಳೆಯದಾಗಿದ್ದು, ಒಳಗೆ ಜಾಮಾ ಮಸೀದಿ ಇರುವುದು ಕಂಡುಬಂದಿರುತ್ತದೆ. ಯಾರು, ಯಾವಾಗ ಕಟ್ಟಿಸಿದರೆಂಬ ಬಗ್ಗೆ ಸಂಬಂಧಪಟ್ಟವರಿಂದ ವರದಿ ಪಡೆಯಬಹುದಾಗಿದೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.'

ಕೆಳಗೆ ಸಹಿಯನ್ನೂ ಹಾಕಿದೆ. ಉತ್ತರ ಪತ್ರಿಕೆಯೊಳಗೆ ಸಹಿ ಮಾಡಬಾರದೆಂದು ಮೊದಲ ಪುಟದಲ್ಲೇ ಅಚ್ಚು ಹಾಕಿದ್ದರು. ಓದುವವರಾರು! ಉಳಿದ ಪ್ರಶ್ನೆಗಳೂ ಇದೇ ರೀತಿ ವಿಲೇವಾರಿಯಾದವು.

ಕಾವಲಿಗಿದ್ದ ಮೇಡಂ ಬಂದು ಕೇಳಿದರು, "ಇನ್ನೊಂದು ಹಾಳಿ ಬೇಕೇನ್ರೀ?"

"ಹಾಳಿ ಬ್ಯಾಡ್ರೀ ಮೇಡಂ. ಸೀಲ್ ಇದ್ರ ಕೊಡ್ರಿ."

ಅವರ ಮುಖ ನೋಡಿದ ಮೇಲೆಯೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಪಾಸು! ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಉಪನ್ಯಾಸಕನ ಕುರ್ಚಿಯಲ್ಲಿ ಮನಸ್ಸಿನಲ್ಲೇ ಎಷ್ಟೋ ಸಲ ಕುಳಿತು ಎದ್ದಿದ್ದೆ. ಸಾಹೇಬರೊಬ್ಬರಿಗೆ ಮಾತ್ರ ನೆಮ್ಮದಿ. "ಚೊಲೋ ಆತು ಬಿಡ್ರಿ. ನಿಮ್ಮಂಗ ಟಿಪ್ಪಣಿ ಬರಿಯೋರು ನಮ್ಗ ಎಲ್ಲಿ ಸಿಗ್ತಾರ?" ಎಂದರು.

ಮನೆಯಲ್ಲಿ ಸುಮಂಗಲಾ ನಗು ತಡೆದುಕೊಂಡು ಚಹಾ ಕೊಟ್ಟಳು. "ಹೋಗ್ಲಿ ಬಿಡ್ರಿ. ಮತ್ತ ಯಾವಾಗ ಪರೀಕ್ಷಾ ಕಟ್ತೀರಿ?"

"ವಿಷಯ ಪರಿಶೀಲನೆಯಲ್ಲಿದೆ," ಎಂದುಬಿಟ್ಟೆ.