ಅಡುಗೆಮನೆಯ ಮೇಲೊಂದು ಜಾರ್ಜಿಯಾ

ಪಶ್ಚಿಮಕ್ಕೆ ಗೌರಿಬಿದನೂರು, ಪೂರ್ವಕ್ಕೆ ಚಿಂತಾಮಣಿ. ನಮ್ಮ ದೊಡ್ಡಪ್ಪ ಕಂಡ ಪ್ರಪಂಚ ಇಷ್ಟೇ. ಆದರೂ ಮಂಚೇನಹಳ್ಳಿ ಸುತ್ತಮುತ್ತ ಜಾರ್ಜಿಯಾ ದೇಶದ ಹಳೇ ಚರ್ಚುಗಳ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಯಾರಾದರೂ ಇದ್ದರೆ ಅದು ಅವರೊಬ್ಬರೇ! ಬೇರೆ ಯಾರೂ ಆ ವಿಷಯದ ತಂಟೆಗೆ ಹೋಗದಿದ್ದುದರಿಂದ ಅವರ ಮಾತಿಗೆ ಎದುರಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಭೂಗೋಳದ ಪುಸ್ತಕ. ಅರವತ್ತರ ದಶಕದ ಮಾತು. ರಷ್ಯಾದಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಗಳನ್ನು ಆಗ ಓದುತ್ತಿದ್ದವರು ಯಾರು? ಹಾಳೆ ಕಿತ್ತು ಸ್ಕೂಲು ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದೆವು. ನನ್ನ ಪಾಲಿಗೆ ಬಂದ ಹಾಳೆಯಲ್ಲಿ ಒಂದು ಕಲ್ಲಿನ ಚರ್ಚು. ಕೆಳಗೆ ಚೌಕ, ಅದರ ಮೇಲೆ ದುಂಡನೆಯ ಕತ್ತು, ಕತ್ತಿನ ಸುತ್ತ ಸೀಳು ಕಿಟಕಿಗಳು, ತಲೆಗೆ ಚೂಪು ಟೋಪಿ. ಜಾರ್ಜಿಯಾದ್ದು, ಎಂಟುನೂರು ವರ್ಷ ಹಳೆಯದು ಎಂದು ಕೆಳಗೆ ಅಚ್ಚಾಗಿತ್ತು. ದೊಡ್ಡಪ್ಪ ಅದನ್ನು ಕಂಡವರೇ ಹೊದಿಕೆ ಬಿಚ್ಚಿಕೊಂಡು ಹೋದರು. ಬೆತ್ತಲೆ ಪುಸ್ತಕ ತಂದಿದ್ದಕ್ಕೆ ಮೇಷ್ಟ್ರಿಂದ ಏಟು ತಿಂದವಳು ನಾನು.

"ಅಡುಗೆಮನೆ ಮೇಲೆ ಇದನ್ನ ಕಟ್ಟಣ. ಹೊಗೆ ಮೇಲಕ್ಕೆ ಹೋಗಿ ಕಿಟಕೀಲಿ ಆಚೆ ಬೀಳ್ತದೆ," ಎಂದು ಘೋಷಿಸಿದರು.

ದೊಡ್ಡಮ್ಮನ ಕಣ್ಣು ಒಲೆಯ ಹೊಗೆಗೆ ಸದಾ ಕೆಂಪಾಗಿ ಸುರಿಯುತ್ತಿತ್ತು. ಹೀಗೇ ಬಿಟ್ಟರೆ ಕಣ್ಣು ಉಳಿಯುವುದಿಲ್ಲವೆಂದು ಗೌರಿಬಿದನೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಒಲೆಯನ್ನು ಸೊಸೆಗೆ ಬಿಟ್ಟುಕೊಡು ಎಂದರೆ ದೊಡ್ಡಮ್ಮ ಕೇಳುವವಳೇ? ಒಂದು ಹೊಗೆಗೂಡು ಸಾಲದೇ ಎಂದು ಊರವರು ಕೇಳಿದರು.

"ಹೊಗೆಗೂಡು ಹೊಗೆ ಕುಡೀತದೆ ಸರಿ. ಬೆಳಕು ಕೊಡ್ತದಾ?" ಎಂದರು ದೊಡ್ಡಪ್ಪ.

ಗಾರೆ ಕೆಲಸದವನು ತಲೆ ಕೆರೆದುಕೊಂಡ. "ಗೌಡ್ರೇ, ಚೌಕದ ಮೇಲೆ ದುಂಡು ಕೂತ್ರೆ ನಾಲ್ಕು ಮೂಲೆ ಬಾಯಿ ಬಿಟ್ಕೊಂಡಿರ್ತವೆ. ಅಲ್ಲಿ ಏನಿಡ್ತೀರಿ?"

"ನಿನ್ನ ತಲೆ ಇಡ್ತೀನಿ."

ಹಾಗೆಂದರೂ ಉತ್ತರ ಅವರಿಗೂ ಗೊತ್ತಿರಲಿಲ್ಲ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಕೂರುವ ಮಣೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಮುದ್ದೆ ಇಟ್ಟು ದಿಟ್ಟಿಸುವುದೇ ಕೆಲಸ. ಮುದ್ದೆ ಆರಿ ಕಲ್ಲಾಗುತ್ತಿತ್ತು. ಒಂದು ದಿನ ಮಣೆಯ ಮೂಲೆಗೆ ಸೌಟನ್ನು ಅಡ್ಡ ಇಟ್ಟು ಎದ್ದೇಬಿಟ್ಟರು. ಮೂಲೆಗೊಂದು ಅಡ್ಡ ಹಾಕಿದರೆ ನಾಲ್ಕು ಮೂಲೆ ಎಂಟಾಗುತ್ತದೆ, ಅದರ ಮೇಲೆ ಇನ್ನೊಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ದುಂಡು!

ಕಟ್ಟುವಾಗ ಅಡ್ಡಕ್ಕೆ ಮಾವಿನ ಹಲಗೆ ಹಾಕಿದ್ದೇ ತಪ್ಪಾಯಿತು. ಮೊದಲ ಮಳೆಗೆ ಹಲಗೆ ಬಾಗಿ ಜಾರ್ಜಿಯಾದ ಅರ್ಧಭಾಗ ಬಸ್ಸಾರಿನ ಮಡಕೆಗೆ ಬಿತ್ತು. ದೊಡ್ಡಮ್ಮ ಮಡಕೆಯೊಳಗೆ ಇಣುಕಿದಳು.

"ಉಪ್ಪು ಸಾಲ್ದು ಅಂತ ಇದನ್ನ ಹಾಕಿದ್ರಾ?"

"ಅಲ್ಲಿ ಎಂಟುನೂರು ವರ್ಷ ನಿಂತದೆ ಕಣೇ. ಇಲ್ಲಿ ನಿನ್ನ ಕಾಲದವರೆಗಾದ್ರೂ ನಿಲ್ಲಿಸ್ತೀನಿ, ಸುಮ್ನಿರು."

ಮತ್ತೆ ಕಟ್ಟಿ ಮುಗಿಯುವವರೆಗೆ ಒಲೆ ಕೊಟ್ಟಿಗೆಗೆ ಹೋಯಿತು. ಈ ಸಲ ಹಲಗೆಯ ಬದಲು ಕಲ್ಲುಚಪ್ಪಡಿ ಬಂತು. ನಗುವ ಊರವರು ನಗಲಿ ಎಂದು ದೊಡ್ಡಪ್ಪ ತಾವೇ ಗಾರೆ ಹೊತ್ತರು. ಗೋಪುರ ಎದ್ದಿತು. ಹೆಂಚಿನ ಮನೆಗಳ ನಡುವೆ ಚೂಪು ಟೋಪಿ ಕಂಡರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಚಿಂತಾಮಣಿ ಕಡೆಯ ಬಳೆಗಾರನೊಬ್ಬ ಚಪ್ಪಲಿ ಬಿಟ್ಟು ಅಡುಗೆಮನೆಗೆ ಪ್ರದಕ್ಷಿಣೆ ಹಾಕಿಯೇಬಿಟ್ಟ.

"ಅಮ್ಮಾ, ಇದಿ ಏ ದೇವುಡಿ ಗುಡಿ?" ಯಾವ ದೇವರ ಗುಡಿಯೆಂದು ತೆಲುಗಿನಲ್ಲಿ ಕೇಳಿದ.

ಕೊಟ್ಟಿಗೆಯಿಂದ ದೊಡ್ಡಮ್ಮನ ದನಿ ಬಂತು: "ದೇವ್ರು ಇನ್ನೂ ಒಳಗೆ ಬಂದಿಲ್ಲ ಕಣಪ್ಪ. ಇಲ್ಲಿ ಮುದ್ದೆ ತೊಳಸ್ತಾ ಅವಳೆ."

ಕೊನೆಗೆ ಒಲೆ ಹಚ್ಚುವ ದಿನ ಬಂತು. ಬೆಳಗ್ಗೆಯೇ ದೊಡ್ಡಮ್ಮ ಒಳಗೆ ಹೋದಳು. ನಗಬೇಕೆಂದೇ ನಾವೆಲ್ಲ ಬಾಗಿಲಲ್ಲಿ ಜಮಾಯಿಸಿದ್ದೆವು. ಸೀಳು ಕಿಟಕಿಗಳಿಂದ ಬಿಸಿಲು ಇಳಿದು, ಅವಳು ದಿನಾ ಕೂರುವ ಜಾಗದ ಮೇಲೆ ಸರಿಯಾಗಿ ಬಿದ್ದಿತ್ತು. ಅವಳು ಅಲ್ಲೇ ಕೂತು ಮೇಲಕ್ಕೆ ನೋಡಿದಳು, ನೋಡುತ್ತಲೇ ಇದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾಕೆ, ಇನ್ನೂ ಉರೀತದಾ?" ದೊಡ್ಡಪ್ಪನ ಮುಖ ಬಾಡಿತು.

"ಹೊಗೆ ಕಣ್ರೀ," ಎಂದಳು.

ಒಲೆ ಇನ್ನೂ ಹಚ್ಚಿರಲಿಲ್ಲ. ದೊಡ್ಡಪ್ಪ ತಣ್ಣಗಿದ್ದ ಒಲೆಯನ್ನು ನೋಡಿದರು, ಅವಳನ್ನು ನೋಡಿದರು.

"ಹಂಗಾದ್ರೆ ಇನ್ನೊಂದು ಕಿಟಕಿ ತೆಗೀತೀನಿ ಬಿಡು," ಎಂದು ಏಣಿ ತರಲು ಹೊರಟರು.