ವಜನ್ ನೋಡಿ ತಂದ ಡಬ್ಬಿ

ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ವಿದ್ಯುತ್ತಿನ ಬಗ್ಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ಮೊನ್ನೆ ಮೊನ್ನೆಯವರೆಗೂ ಗಟ್ಟಿಯಾಗಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಪ್ರತಿ ವರ್ಷ ಪರೀಕ್ಷೆಯಲ್ಲಿ ತಪ್ಪು ಬರೆಯುತ್ತಾರೆ, ನಾನು ಪ್ರತಿ ವರ್ಷ ಬೈಯುತ್ತೇನೆ. ಇಷ್ಟು ಅನುಭವವುಳ್ಳವನು ಒಂದು ಕಂಪ್ಯೂಟರಿಗೆ ಕರೆಂಟಿನ ಡಬ್ಬಿ ತರಲಾರನೇ?

ಕಂಪ್ಯೂಟರ್ ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಅವಳು ಮನೆಯಲ್ಲೇ ಕುಳಿತು ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತಾಳೆ. ಕ್ಯಾಮೆರಾದವರು ಗಂಟೆಗಟ್ಟಲೆ ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಊಟದ ಪಂಕ್ತಿಯಲ್ಲಿ ಬಾಯಿ ತೆರೆದು ಕುಳಿತ ಬೀಗರನ್ನು ತೆಗೆದುಹಾಕಿ, ನಾಲ್ಕು ಮಂದಿ ನೋಡುವಂತೆ ಮಾಡುವ ಕೆಲಸ. ಈ ಸಲ ಸಿರವಾರದ ಅಕ್ಕಿ ಗಿರಣಿಯವರ ಮನೆಯ ಮದುವೆ ಸಿಕ್ಕಿತ್ತು. ಮದುಮಗಳ ಅಜ್ಜಿ ಶಾಂತವ್ವ ಮದುವೆಗೆ ಎರಡು ದಿನ ಮೊದಲು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಎತ್ತಿ ಆಡಿಸಿದ ಮೊಮ್ಮಗಳಿಗೆ ತಾಳಿ ಕಟ್ಟುವುದನ್ನು ಅವಳು ನೋಡಲೇ ಇಲ್ಲ. ಮೊಮ್ಮಗಳು ಗಂಡನ ಜೊತೆ ತವರಿಗೆ ಬರುವ ಭಾನುವಾರ, ಅಜ್ಜಿಯ ಮಂಚದ ಎದುರು ಟಿವಿ ಇಟ್ಟು ಇಡೀ ಮದುವೆ ತೋರಿಸುತ್ತೇನೆಂದು ಗಿರಿಜಾ ಮಾತು ಕೊಟ್ಟಿದ್ದಳು. ಕ್ಯಾಮೆರಾದವರು ಆಗಲೇ ತಮ್ಮ ಬಳಿ ಇದ್ದದ್ದನ್ನು ಅಳಿಸಿಕೊಂಡು ಬೇರೆ ಮದುವೆಗೆ ಹೋಗಿದ್ದರು. ಆ ಮದುವೆ ಉಳಿದಿದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಾತ್ರ.

ಆ ಕಂಪ್ಯೂಟರಿಗೋ ವಯಸ್ಸಾಗಿತ್ತು. ದೊಡ್ಡ ಮದುವೆ ಕಂಡರೆ ಏದುಸಿರು ಬಿಡುತ್ತಿತ್ತು. ಅದಕ್ಕೆಂದು ಗಿರಿಜಾ ಒಂದು ಗ್ರಾಫಿಕ್ಸ್ ಕಾರ್ಡ್ ತರಿಸಿದಳು; ಎರಡು ಫ್ಯಾನಿನ, ಇಟ್ಟಿಗೆಯಷ್ಟು ದೊಡ್ಡ ಸಾಮಾನು. ಅದನ್ನು ಹಾಕಿದರೆ ವಿಡಿಯೋ ಕೆಲಸ ಬೇಗ ಮುಗಿಯುತ್ತದಂತೆ. ಆದರೆ ಅದಕ್ಕೆ ಹಳೆಯ ಎಸ್‌ಎಂಪಿಎಸ್ ಸಾಲುವುದಿಲ್ಲವಂತೆ. ಎಸ್‌ಎಂಪಿಎಸ್ ಎಂದರೆ ಗೋಡೆಯಿಂದ ಬಂದ ಕರೆಂಟನ್ನು ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಅಳತೆ ಮಾಡಿ ಬಡಿಸುವ ತಗಡಿನ ಡಬ್ಬಿ. ಯಾವುದು ಬೇಕೆಂದು ರಾಯಚೂರಿನ ಅಂಗಡಿಯವರನ್ನು ಕೇಳುತ್ತೇನೆ ಎಂದು ಗಿರಿಜಾ ಫೋನ್ ಕೈಗೆತ್ತಿಕೊಂಡಾಗ ನನ್ನ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಮನೆಯಲ್ಲಿ ಬಾವಿ ಇಟ್ಟುಕೊಂಡು ಊರ ನಲ್ಲಿಗೆ ಕೊಡ ಹಿಡಿಯುವುದೇ? ಫೋನ್ ಇಡಿಸಿದೆ.

ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕಕ್ಕೆ ಕುಳಿತೆ. ಕಾರ್ಡಿಗೆ ಇಷ್ಟು, ಪರದೆಗೆ ಇಷ್ಟು, ಮೇಜಿನ ದೀಪಕ್ಕೆ ಇಷ್ಟು. ಗಿರಿಜಾ ಕೆಲಸ ಮಾಡುವಾಗ ತಲೆಯ ಮೇಲೆ ಫ್ಯಾನ್ ತಿರುಗುತ್ತದೆ, ಅದನ್ನೂ ಸೇರಿಸಿದೆ. ನಮ್ಮ ಜಿಲ್ಲೆಯ ಬಿಸಿಲು ನೆನಪಾಗಿ ಕೂಲರನ್ನೂ ಸೇರಿಸಿದೆ. ಕಾರ್ಡೊಂದನ್ನು ಬಿಟ್ಟರೆ ಇವಕ್ಕೆಲ್ಲ ಗೋಡೆಯಿಂದ ನೇರವಾಗಿ ಕರೆಂಟು ಹೋಗುತ್ತದೆ, ಆ ಡಬ್ಬಿಗೂ ಇವಕ್ಕೂ ಸಂಬಂಧವಿಲ್ಲ ಎಂಬುದು ಹತ್ತನೇ ತರಗತಿಯ ಕೊನೆಯ ಬೆಂಚಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಏಳುನೂರ ತೊಂಬತ್ತೆರಡು ವ್ಯಾಟ್ ಎಂದು ಉತ್ತರ ಬಂತು. ಅದರ ಕೆಳಗೆ ಎರಡು ಗೆರೆ ಎಳೆದೆ.

ಕಾರ್ಡಿನ ಡಬ್ಬದ ಮೇಲೆ ಏನಾದರೂ ಬರೆದಿರುತ್ತಾರೆ, ಒಮ್ಮೆ ಓದಿ ಎಂದಳು ಗಿರಿಜಾ. ಡಬ್ಬದ ಮೇಲಿನ ಬರಹ ಅಜ್ಞಾನಿಗಳಿಗಾಗಿ ಎಂದು ಘೋಷಿಸಿ ನಾನು ಚೀಲ ಹಿಡಿದು ಹೊರಟೆ.

ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕೆಲಸವಿದೆಯೆಂದು ಪಕ್ಕದ ಮನೆಯ ಮಲ್ಲಪ್ಪನೂ ಜೊತೆಗೆ ಬಂದ. ಅವನು ಗಿರಣಿಯೊಂದಕ್ಕೆ ಭತ್ತ ತೂಗಿ ಕೊಳ್ಳುವ ಮನುಷ್ಯ. ಜಗತ್ತಿನಲ್ಲಿರುವ ಯಾವ ವಸ್ತುವನ್ನಾದರೂ ಎಡಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಾನೆ. ನಮ್ಮ ಕಡೆ ವಜನ್ ಎಂದರೆ ತೂಕವೂ ಹೌದು, ಮರ್ಯಾದೆಯೂ ಹೌದು. ಊರಿನಲ್ಲಿ ಮಾತು ನಡೆಯುವ ಮನುಷ್ಯನನ್ನು ವಜನ್ ಇದ್ದವನು ಎನ್ನುತ್ತೇವೆ. ಮಲ್ಲಪ್ಪ ಬಸ್ಸಿನಲ್ಲಿ ಈ ತತ್ವವನ್ನು ಎಸ್‌ಎಂಪಿಎಸ್ಸಿಗೂ ಹಚ್ಚಿದ.

"ವ್ಯಾಟು ಗೀಟು ಯಾರ್ ಬೇಕಾದ್ರೂ ಬರೀತಾರ್ರಿ ಸರ್. ವಜನ್ ನೋಡಿ ತಗೋರಿ."

ನನಗೆ ಇದು ಅತ್ಯಂತ ವೈಜ್ಞಾನಿಕವೆನಿಸಿತು. ಒಳಗೆ ತಾಮ್ರ ಹೆಚ್ಚಿದ್ದರೆ ತೂಕ ಹೆಚ್ಚು, ತಾಮ್ರ ಹೆಚ್ಚಿದ್ದರೆ ಕರೆಂಟೂ ಸಲೀಸು. ಇಪ್ಪತ್ತೆರಡು ವರ್ಷದಲ್ಲಿ ನನಗೇ ಹೊಳೆಯದ ಸೂತ್ರ ಮಲ್ಲಪ್ಪನಿಗೆ ಹೊಳೆದದ್ದಕ್ಕೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಂಗಡಿಯವರು ಬಿಳಿ ಗಡ್ಡದ, ಸಮಾಧಾನದ ಸಾಹೇಬರು. ಯಾವ ಕಾರ್ಡಿಗೆ ಎಂದು ಕೇಳಿದರು. ಕಾರ್ಡಿನ ಹೆಸರು ನನಗೆ ನೆನಪಿರಲಿಲ್ಲ. ಎರಡು ಫ್ಯಾನಿನದು ಎಂದೆ. ಅವರು ಐನೂರೈವತ್ತು ವ್ಯಾಟಿನ ಸಾದಾ ಕರಿ ಡಬ್ಬಿಯೊಂದನ್ನು ಮುಂದಿಟ್ಟರು. ನನ್ನ ಲೆಕ್ಕಕ್ಕೆ ಅದು ಸಾಲದು. ಅಷ್ಟರಲ್ಲಿ ಮೂಲೆಯ ಕಪಾಟಿನಲ್ಲಿ ಇನ್ನೊಂದು ಕಂಡಿತು. ಎಂಟುನೂರು ವ್ಯಾಟ್! ಮೇಲೆ ಬೆಂಕಿ ಉಗುಳುವ ಹುಲಿಯ ಚಿತ್ರ. ಅದನ್ನು ಯಾರೋ ಗಿರಾಕಿ ಬಿಟ್ಟುಹೋಗಿದ್ದಾರೆ, ನಾನು ಮಾರುವ ಮಾಲಲ್ಲ ಎಂದು ಸಾಹೇಬರು ಹೇಳಿದರೂ ಮಲ್ಲಪ್ಪ ಎತ್ತಿಕೊಂಡಾಗಿತ್ತು. ಅವನು ಕಣ್ಣು ಮುಚ್ಚಿದ. ತೆರೆದ. ಅಷ್ಟಕ್ಕೆ ಸುಮ್ಮನಾಗದೆ ಪಕ್ಕದ ಬೆಲ್ಲದ ಅಂಗಡಿಗೆ ಹೋಗಿ ತಕ್ಕಡಿಯನ್ನೇ ತಂದ. ಕಂಪ್ಯೂಟರ್ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡೂ ಡಬ್ಬಿಗಳನ್ನು ತೂಗಿದೆವು. ಹುಲಿ ಅರ್ಧ ಕಿಲೋ ಹೆಚ್ಚು ತೂಗಿತು.

ಸಾಹೇಬರು ಕರಿ ಡಬ್ಬಿಯ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು: "ಸರ್, ಇದರಾಗ ಮಾಲ್ ಅದ. ಅದರಾಗ ಬರೇ ವಜನ್ ಅದ."

ಇದಕ್ಕಿಂತ ಬಿಡಿಸಿ ಇನ್ನಾರು ಹೇಳಬೇಕಿತ್ತು? ಆದರೆ ಮಲ್ಲಪ್ಪ ನನ್ನ ಕಾಲು ತುಳಿದು, ಕಿವಿಯಲ್ಲಿ ಗಂಜಿನ ಗುಟ್ಟು ಹೇಳಿದ. ದಲ್ಲಾಳಿ ಮಾರುವುದಿಲ್ಲವೆಂದ ಚೀಲದಲ್ಲೇ ಒಳ್ಳೆಯ ಭತ್ತ ಇರುತ್ತದೆ. ಅದನ್ನು ಬೇಕಾದವರಿಗೆ ಎತ್ತಿಟ್ಟಿರುತ್ತಾನೆ. ನಾನು ಹಟ ಹಿಡಿದೆ. ಸಾಹೇಬರು ಕಡೆಗೆ ಕೈ ಮುಗಿದು, ಮುಂದೆ ಏನಾದರೂ ಆದರೆ ಅಂಗಡಿಯವರು ಜವಾಬ್ದಾರರಲ್ಲ ಎಂದು ನನ್ನ ಬಾಯಿಂದಲೇ ಹೇಳಿಸಿಕೊಂಡು ಹುಲಿಯನ್ನು ಕೊಟ್ಟರು. ಹಟದಲ್ಲಿ ಗೆದ್ದ ಖುಷಿಯಲ್ಲಿ ಇಬ್ಬರೂ ಮಿರ್ಚಿ ಬಜ್ಜಿ ತಿಂದು ಬಸ್ ಹತ್ತಿದೆವು.

ಸಂಜೆ ಜೋಡಣಾ ಕಾರ್ಯ ವಿಧ್ಯುಕ್ತವಾಗಿ ಆರಂಭವಾಯಿತು. ಹಳೆಯದನ್ನು ಬಿಚ್ಚಿ ಹುಲಿಯನ್ನು ಕೂಡಿಸಿದೆ. ನಾಲ್ಕು ಸ್ಕ್ರೂ ಬಿಚ್ಚಿದ್ದೆ, ಹಾಕುವಾಗ ಐದು ಸಿಕ್ಕವು; ವಿಜ್ಞಾನದಲ್ಲಿ ಇಂಥವು ಆಗುತ್ತಿರುತ್ತವೆ. ಹೊಸ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬೇರೊಂದು ವೈರ್ ಬೇಕು. ಹುಲಿಯಲ್ಲಿ ಅದು ಇರಲೇ ಇಲ್ಲ. ಎಂಟುನೂರು ವ್ಯಾಟಿನ ಡಬ್ಬಿಗೆ ಕಾರ್ಡಿನ ವೈರೇ ಯಾಕಿಲ್ಲ ಎಂದು ಗಿರಿಜಾ ಕೇಳಿದಳು. ಅದು ಬಹಳ ಒಳ್ಳೆಯ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆಗಳಿಗೆ ತರಗತಿಯಲ್ಲಿ ನಾನು ಕೊಡುವ ಉತ್ತರವನ್ನೇ ಕೊಟ್ಟೆ: ಅದು ಸಿಲಬಸ್ಸಿನಲ್ಲಿಲ್ಲ. ಡ್ರಾಯರಿನಲ್ಲಿ ಸಿಕ್ಕ ಎರಡು ತೆಳ್ಳನೆಯ ವೈರುಗಳನ್ನು ಸೇರಿಸಿ ಕಾರ್ಡಿಗೆ ಸಿಕ್ಕಿಸಿದೆ. ಮಲ್ಲಪ್ಪ ಊದುಬತ್ತಿ ಬೆಳಗಿ, ಕಾಯಿ ಒಡೆದ. ಸ್ವಿಚ್ ಹಾಕಿದೆ.

ನಡೆಯಿತು! ಫ್ಯಾನುಗಳು ತಿರುಗಿದವು, ದೀಪ ಹತ್ತಿತು. ನಾನು ಗಿರಿಜಾಳ ಕಡೆ ನೋಡಿ, ಮಾತಾಡದೆಯೇ ಬಹಳಷ್ಟು ಮಾತಾಡಿದೆ. ಅವಳು ಸಿರವಾರದ ಮದುವೆ ತೆರೆದಳು. ಬೀಗರು ಬಂದರು, ಬಾಸಿಂಗ ಕಟ್ಟಿದರು, ಚಿತ್ರ ಒಮ್ಮೆಯೂ ತಡವರಿಸಲಿಲ್ಲ. ಅಕ್ಷತೆಯ ಅಕ್ಕಿಕಾಳು ಎರಚುವ ಹೊತ್ತಾಯಿತು. ಓಲಗದವರು ಕೆನ್ನೆ ಉಬ್ಬಿಸಿದರು. ವರ ತಾಳಿ ಎತ್ತಿ ಕೈ ಮುಂದೆ ಚಾಚಿದ.

ಢಬ್!

ಕಂಪ್ಯೂಟರಿನ ಹಿಂದಿನಿಂದ ಹೊಗೆ ಎದ್ದಿತು. ಇಡೀ ಮನೆಯ ಕರೆಂಟು ಹೋಯಿತು. ಊದುಬತ್ತಿ ಮಾತ್ರ ಉರಿಯುತ್ತಿತ್ತು. ಮಲ್ಲಪ್ಪ ಹೊಸ್ತಿಲು ದಾಟಿ ಅಂಗಳದಲ್ಲಿದ್ದ. ಯಾವಾಗ ಹೋದನೋ ಯಾರೂ ನೋಡಲಿಲ್ಲ. ಗಿರಿಜಾ ಕುರ್ಚಿಯಿಂದ ಏಳಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೊಗೆ ಕಡಿಮೆಯಾದ ಮೇಲೆ ಹುಲಿಯನ್ನು ಅಂಗಳಕ್ಕೆ ತಂದು ಬಿಚ್ಚಿದೆವು. ಒಳಗೆ ಅಂಗೈಯಗಲದ ಸುಟ್ಟ ಬೋರ್ಡು, ನಾಲ್ಕು ಬಡಕಲು ವೈರು. ಉಳಿದ ಜಾಗದಲ್ಲಿ, ಗೋಂದು ಹಚ್ಚಿ ಅಂಟಿಸಿದ ಸಿಮೆಂಟಿನ ಗಟ್ಟಿ. ಮಲ್ಲಪ್ಪ ಅದನ್ನು ಕಿತ್ತು, ರೂಢಿಯಂತೆ ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.

"ಭತ್ತದಾಗ ಮಣ್ಣಿನ ಹೆಂಟಿ ಹಾಕಿ ತೂಗಸೋರನ್ನ ಭಾಳ ಮಂದಿನ್ನ ಹಿಡದೀನ್ರಿ ಸರ್," ಎಂದ ಸಣ್ಣ ದನಿಯಲ್ಲಿ. "ಇದು ಸರಿಯಾಗಿ ಅರ್ಧ ಕಿಲೋ ಅದ."

ನನಗೆ ನಾಚಿಕೆಯಾಯಿತು. ಡಬ್ಬಿ ಹೋದದ್ದಕ್ಕಲ್ಲ. ಒಬ್ಬ ಮುದುಕಿ ಮಂಚದ ಮೇಲೆ ಮಲಗಿ ಭಾನುವಾರ ಎಣಿಸುತ್ತಿದ್ದಳು, ಅವಳ ಮೊಮ್ಮಗಳ ಮದುವೆಯನ್ನು ನಾನು ಸುಟ್ಟಿದ್ದೆ. ಇನ್ನೊಮ್ಮೆ ಮಾಡಿ ಎನ್ನಲು ಅದು ಪ್ರಯೋಗಶಾಲೆಯ ಪ್ರಯೋಗವಲ್ಲ. ಒಳಗೆ ಹೋಗಿ ಗಿರಿಜಾಳ ಮುಂದೆ ನಿಂತು, ಬೆಳಿಗ್ಗೆಯೇ ಸಿರವಾರಕ್ಕೆ ಹೋಗಿ ಶಾಂತವ್ವನ ಕಾಲು ಹಿಡಿಯುತ್ತೇನೆ, ತಪ್ಪು ನನ್ನದೆಂದು ಎಲ್ಲರ ಮುಂದೆ ಹೇಳುತ್ತೇನೆ, ನಿನ್ನ ಹೆಸರು ಕೆಡಬಾರದು ಎಂದೆ.

ಗಿರಿಜಾ ಎದ್ದು ಕಪಾಟು ತೆರೆದು, ಇಳಕಲ್ ಸೀರೆಯ ಮಡಿಕೆಯೊಳಗಿಂದ ಅಂಗೈಯಷ್ಟು ಚಿಕ್ಕದೊಂದು ಡಿಸ್ಕ್ ತೆಗೆದಳು.

"ಇದರಾಗ ಕಾಪಿ ಅದ. ಪೂರಾ ಮದಿವಿ."

ಯಾವಾಗ ತೆಗೆದಿಟ್ಟೆ ಎಂದು ಕೇಳಿದೆ.

"ನೀವು ಫ್ಯಾನಿಂದೂ ಕೂಲರಿಂದೂ ಲೆಕ್ಕಾ ಕೂಡಸಾಕತ್ತಿದ್ರಲ್ಲ, ಆವಾಗ."

ಸಂತೋಷಪಡಬೇಕೋ ಅವಮಾನಪಡಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಪಟ್ಟೆ. ನನ್ನ ಲೆಕ್ಕ ನೋಡಿಯೇ ಅವಳು ಪ್ರಳಯಕ್ಕೆ ತಯಾರಾಗಿದ್ದಳು!

ಮರುದಿನ ನಾನು ರಜೆ ಹಾಕಿದೆ. ರಾಯಚೂರಿಗೆ ಗಿರಿಜಾ ಹೋದಳು. ಚೀಲ ಹಿಡಿಯುವ ಷರತ್ತಿನ ಮೇಲೆ ನನ್ನನ್ನೂ ಕರೆದುಕೊಂಡಳು. ಅವಳು ಕಾರ್ಡಿನ ಖಾಲಿ ಡಬ್ಬವನ್ನು ಸಾಹೇಬರ ಮುಂದಿಟ್ಟಳು. ಅದರ ಮಗ್ಗುಲಲ್ಲಿ ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕು, ಎಂಥ ವೈರ್ ಬೇಕು ಎಂದು ಎರಡೇ ಸಾಲಿನಲ್ಲಿ ಅಚ್ಚಾಗಿತ್ತು. ಐನೂರೈವತ್ತು. ಪ್ರಶ್ನೆಯನ್ನು ಎರಡು ಸಲ ಓದಿ ಉತ್ತರ ಬರೆಯಿರಿ ಎಂದು ಜೀವಮಾನವಿಡೀ ಕಿರುಚಿದವನು ನಾನು. ಸಾಹೇಬರು ಅದೇ ಕರಿ ಡಬ್ಬಿ ತೆಗೆದುಕೊಟ್ಟು, ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿದರು.

"ತಕ್ಕಡಿ ತರಸ್ಲೇನ್ರಿ ಸರ್?"

ಅದೃಷ್ಟಕ್ಕೆ ಹೊಸ ಕಾರ್ಡೂ ಕಂಪ್ಯೂಟರೂ ಬದುಕಿದ್ದವು. ಗಿರಿಜಾ ಎಲ್ಲವನ್ನೂ ತಾನೇ ಜೋಡಿಸಿದಳು. ಸ್ಕ್ರೂ ನಾಲ್ಕೇ ಇದ್ದವು. ಎರಡು ದಿನ ಅವಳು ಕೆಲಸ ಮಾಡಿದಳು; ನಾನು ಚಹಾ ಮಾಡಿ ಬಾಗಿಲ ಹೊರಗಿನಿಂದಲೇ ಕೊಟ್ಟೆ.

ಭಾನುವಾರ ಸಿರವಾರದಲ್ಲಿ ಶಾಂತವ್ವನ ಮಂಚದ ಸುತ್ತ ಮನೆ ಮಂದಿಯೆಲ್ಲ ನೆರೆದಿದ್ದರು. ತಾಳಿ ಕಟ್ಟುವ ಹೊತ್ತು ಬಂದಾಗ ನನ್ನ ಕೈ ತಾನಾಗಿಯೇ ಕಿವಿ ಮುಚ್ಚಿಕೊಂಡಿತು. ಏನೂ ಆಗಲಿಲ್ಲ, ವರ ತಾಳಿ ಕಟ್ಟಿದ. ಅಜ್ಜಿ ಮಲಗಿದ್ದಲ್ಲಿಂದಲೇ ಕೈಯಲ್ಲಿದ್ದ ಅಕ್ಕಿಕಾಳನ್ನು ಟಿವಿಯ ಮೇಲೆ ಎರಚಿದಳು. "ಇನ್ನೊಮ್ಮಿ ಕಟ್ಟಸವ್ವಾ" ಎಂದಳು. ಗಿರಿಜಾ ಮೂರು ಸಲ ಕಟ್ಟಿಸಿದಳು. ಮೂರೂ ಸಲ ಅಜ್ಜಿ ಕಣ್ಣೊರೆಸಿಕೊಂಡು ಅಕ್ಕಿಕಾಳು ಹಾಕಿದಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಕೊನೆಯಲ್ಲಿ ಹೆಸರುಗಳು ಬಂದವು. ಸಂಕಲನ: ಗಿರಿಜಾ. ಅದರ ಕೆಳಗೆ, ಸಹಕಾರ ಎಂದು ನನ್ನ ಹೆಸರು! ಗಿರಣಿಯ ಯಜಮಾನರು ನನ್ನ ಬೆನ್ನು ತಟ್ಟಿದರು. ಎಷ್ಟಾದರೂ ಹೆಂಡತಿ, ಗಂಡನ ಮರ್ಯಾದೆ ಉಳಿಸಿದಳು ಎಂದು ಎದೆಯುಬ್ಬಿಸಿ ಹೋಳಿಗೆಯ ಮೇಲೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕಿಸಿಕೊಂಡೆ.

ವಾಪಸು ಬರುವಾಗ ಬೈಕಿನ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ. ನನ್ನ ಹೆಸರು ಹಾಕಿದೆಯಲ್ಲ, ನಾನು ಮಾಡಿದ ಸಹಕಾರವಾದರೂ ಯಾವುದು?

"ಎರಡು ದಿನ ಕಂಪ್ಯೂಟರ್ ಮುಟ್ಟಲಾರದ ಕುಂತ್ರಲ್ರಿ," ಎಂದಳು ಹಿಂದಿನಿಂದ. "ಅದಕ್ಕಿಂತ ದೊಡ್ಡ ಸಹಕಾರ ಯಾರ್ ಮಾಡ್ಯಾರ?"