ನೀಲಿ ವ್ಯಾನಿನಲ್ಲಿ ಬಚ್ಚಿಟ್ಟ ಸೂಪರ್‌ಚಾರ್ಜರ್

ಲೆಸ್ಟರ್ ಪಿಕೆಟ್‌ಗೆ ಆ ಶನಿವಾರ ಬೆಳಿಗ್ಗೆ ಮೊದಲ ಅನುಮಾನ ಹುಟ್ಟಿದ್ದು ಪಕ್ಕದ ಮನೆಯ ಆರ್ವಿಲ್ "ನಾನೂ ಬರ್ತೀನಿ ಕಣೋ" ಎಂದಾಗ.

ಹೊರಟಿದ್ದು ಆಕ್ರನ್ ಊರಾಚೆಯ ಗುಜರಿಗೆ. ಸತ್ತ ಕಾರುಗಳು ಸಾಲುಗಟ್ಟಿ ನಿಂತ ಆ ಬಯಲಿಗೆ ನಮ್ಮ ಸ್ಪ್ಯಾನರ್ ನಾವೇ ಒಯ್ದು, ಬೇಕಾದ ಭಾಗವನ್ನು ನಾವೇ ಬಿಚ್ಚಿ, ಗೇಟಿನಲ್ಲಿ ದುಡ್ಡು ಕೊಟ್ಟು ತರಬೇಕು. ಆರ್ವಿಲ್ ಚರ್ಚಿನಲ್ಲಿ ಆರ್ಗನ್ ನುಡಿಸಿ ನಿವೃತ್ತನಾದವನು. ಸ್ಪ್ಯಾನರನ್ನು ಚಮಚದ ಹಾಗೆ ಹಿಡಿಯುತ್ತಿದ್ದ.

"ನಿನಗೇನೋ ಕೆಲಸ ಅಲ್ಲಿ?"

"ಬಾಗಿಲಿನ ಹಿಡಿ ಬೇಕಿತ್ತು."

"ಯಾವ ಬಾಗಿಲಿಂದು?"

ಆರ್ವಿಲ್ ಸ್ವಲ್ಪ ಯೋಚಿಸಿ, "ಕಾರಿಂದು," ಎಂದ.

ಲೆಸ್ಟರ್ ಟ್ರಕ್ ಓಡಿಸಿದ. ತಲೆಯೊಳಗೆ ಮಾತ್ರ ಇಲಿ ಓಡಾಡತೊಡಗಿತು.

ಅವನ ಬಳಿ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ನಿಂತಾಗ ಅದು ಈಗಲೇ ಹಾರುವ ಗಿಡುಗನಂತೆ ಕಾಣುತ್ತಿತ್ತು. ಏರು ಬಂದರೆ ಶಾಲೆಯ ಬಸ್ಸು ಅದನ್ನು ಹಿಂದೆ ಹಾಕಿ ಹೋಗುತ್ತಿತ್ತು. ಹಿಂದಿನ ಗಾಜಿನಿಂದ ಮಕ್ಕಳು ಕೈ ಬೀಸುತ್ತಿದ್ದವು. ಈ ಅವಮಾನಕ್ಕೆ ಇದ್ದ ಮದ್ದು ಸೂಪರ್‌ಚಾರ್ಜರ್ ಒಂದೇ: ಎಂಜಿನ್ನಿನ ಗಂಟಲಿಗೆ ಒತ್ತಿ ಒತ್ತಿ ಗಾಳಿ ತುಂಬುವ ಯಂತ್ರ. ಹೊಸದನ್ನು ಕೊಳ್ಳುವ ದುಡ್ಡಿಗೆ ಅಂಥ ಇನ್ನೊಂದು ಕಾರೇ ಬರುತ್ತಿತ್ತು. ಹಾಸಿಗೆ ಅಂಗಡಿಯ ಸಂಬಳದಲ್ಲಿ ಅದು ಆಗುವ ಮಾತಲ್ಲ.

ಬುಧವಾರ ಗುಜರಿಯಲ್ಲಿ, ಯಾವಳೋ ಅಜ್ಜಿ ಓಡಿಸಿದ ದೊಡ್ಡ ಕಾರೊಂದರಲ್ಲಿ ಅದು ಅವನ ಕಣ್ಣಿಗೆ ಬಿತ್ತು. ಬೆರಳಿನ ಗೆಣ್ಣು ಸುಲಿಯುವ ತನಕ ತಿರುಗಿಸಿ ಬಿಚ್ಚಿದ. ಶನಿವಾರವಾದರೆ ಎಲ್ಲಕ್ಕೂ ಅರ್ಧ ಬೆಲೆ. ಅಲ್ಲಿಗೆ ಬರುವ ಹಳಬರೆಲ್ಲ ಮಾಡುವುದನ್ನೇ ಅವನೂ ಮಾಡಿದ: ಕೊನೆಯ ಸಾಲಿನ ನೀಲಿ ವ್ಯಾನಿನಲ್ಲಿ, ಸ್ಟೆಪ್ನಿಯ ಗುಂಡಿಯೊಳಗೆ ಅದನ್ನು ಮಲಗಿಸಿ, ಮೇಲೆ ಮಗುವಿನ ಸೀಟು ಮುಚ್ಚಿಟ್ಟು ಬಂದ. ಅಂದಿನಿಂದ, ಮೊದಲ ದಿನ ಮಗುವನ್ನು ಶಾಲೆಯಲ್ಲಿ ಬಿಟ್ಟುಬಂದ ತಾಯಿಯಂತೆ ಅವನಿಗೆ ಊಟ ಸೇರಿರಲಿಲ್ಲ.

ಗೇಟು ದಾಟಿದ್ದೇ ಆರ್ವಿಲ್, "ನೀನು ಆ ಕಡೆ ನೋಡು, ನಾನು ಈ ಕಡೆ ನೋಡ್ತೀನಿ," ಎಂದು ತಳ್ಳುಗಾಡಿಯೊಂದನ್ನು ಎಳೆದುಕೊಂಡು ಹೊರಟೇಬಿಟ್ಟ. ಬಾಗಿಲಿನ ಹಿಡಿಗೆ ತಳ್ಳುಗಾಡಿ ಯಾಕೆ?

ಲೆಸ್ಟರ್ ನೇರವಾಗಿ ವ್ಯಾನಿಗೆ ಹೋಗಲಿಲ್ಲ. ಯಾರಾದರೂ ಹಿಂಬಾಲಿಸಿದರೆ? ಕೆಂಪು ಟೊಪ್ಪಿಯವನೊಬ್ಬ ತನ್ನನ್ನೇ ನೋಡುತ್ತಿದ್ದಂತಿತ್ತು. ಅವನನ್ನು ದಾರಿ ತಪ್ಪಿಸಲು ಬೇಡದ ಕಾರಿನ ಬೇಡದ ದೀಪವೊಂದನ್ನು ಬಿಚ್ಚುವ ನಾಟಕವಾಡಿದ. ಕೆಂಪು ಟೊಪ್ಪಿಯವನು ಹತ್ತಿರ ಬಂದು, "ಅದು ಒಡೆದಿದೆಯಲ್ಲ ಸಾರ್," ಎಂದ.

"ನನಗೆ ಒಡೆದದ್ದೇ ಬೇಕು," ಎಂದ ಲೆಸ್ಟರ್.

ಕೊನೆಗೂ ಸುತ್ತಿ ಬಳಸಿ ವ್ಯಾನ್ ತಲುಪಿ ಬಾಗಿಲೆತ್ತಿದ. ಮಗುವಿನ ಸೀಟು ಪಕ್ಕಕ್ಕೆ ಬಿದ್ದಿತ್ತು. ಗುಂಡಿ ಖಾಲಿ.

ಅದೇ ಹೊತ್ತಿಗೆ ದೂರದಲ್ಲಿ ಆರ್ವಿಲ್ ಕಂಡ. ಕೊರೆಯುವ ಚಳಿಯಲ್ಲಿ ಬರೀ ಶರ್ಟು. ಅವನ ಜಾಕೆಟ್ಟು ತಳ್ಳುಗಾಡಿಯಲ್ಲಿ ಯಾವುದೋ ಗುಡ್ಡವನ್ನು ಹೊದ್ದಿತ್ತು. ಲೆಸ್ಟರ್ ಓಡಿದ.

"ಏನೋ ಅದು?"

"ಬ್ರಾಕೆಟ್ಟು."

"ಯಾವುದರ ಬ್ರಾಕೆಟ್ಟು?"

"ಕಬ್ಬಿಣದ್ದು," ಎಂದು ಆರ್ವಿಲ್ ಗಾಡಿಯನ್ನು ಇನ್ನೂ ಜೋರಾಗಿ ತಳ್ಳಿದ. "ಚಳೀಲಿ ಎಷ್ಟು ಮಾತಾಡಿಸ್ತೀಯ ಮಾರಾಯ."

ವರ್ಷಗಟ್ಟಲೆ ತನ್ನ ಏಣಿ, ಹುಲ್ಲು ಕತ್ತರಿಸುವ ಯಂತ್ರ, ಸಕ್ಕರೆ ಎಲ್ಲ ಕಡ ಒಯ್ದ ಮನುಷ್ಯ! ಲೆಸ್ಟರ್ ಅಡ್ಡದಾರಿಯಲ್ಲಿ ಓಡಿ ಕೌಂಟರಿನ ಡೊಲೋರೆಸ್ ಕಿವಿಯಲ್ಲಿ ಪಿಸುಗುಟ್ಟಿದ: "ಈಗ ಬರ್ತಾನಲ್ಲ, ಅವನ ಜಾಕೆಟ್ ಎತ್ತಿ ನೋಡಿ. ಅಗ್ಗಕ್ಕೆ ಸಿಗಲಿ ಅಂತ ಬ್ರಾಕೆಟ್ ಅಂತಾನೆ. ಸೂಪರ್‌ಚಾರ್ಜರ್ ಅದು." ತಾನೂ ಅದನ್ನು ನೀರಿನ ಪಂಪೆಂದು ಹೇಳಿ ಒಯ್ಯುವವನಿದ್ದ ಎಂಬುದು ಆಗ ಅವನ ನೆನಪಿಗೆ ಬರಲಿಲ್ಲ.

ಡೊಲೋರೆಸ್ ಜಾಕೆಟ್ ಎತ್ತಿದಳು. "ಏನಪ್ಪ, ನೋಡಿದರೆ ದೇವರಂಥ ಮನುಷ್ಯ. ಸುಳ್ಳು ಹೇಳಿದವರಿಗೆ ಇಲ್ಲಿ ಅರ್ಧ ಬೆಲೆ ಇಲ್ಲ. ಪೂರ್ತಿ ಕೊಟ್ಟು ತಗೊಂಡು ಹೋಗಿ."

ಆರ್ವಿಲ್ ಕಿವಿ ಕೆಂಪಾಗಿಸಿಕೊಂಡು ಲಕೋಟೆಯೊಂದನ್ನು ಖಾಲಿ ಮಾಡಿ ಹೊರಬಂದ. ದೂರದಿಂದ ನೋಡುತ್ತಿದ್ದ ಲೆಸ್ಟರ್‌ನ ಹೊಟ್ಟೆ ತಣ್ಣಗಾಯಿತು. ಆರ್ವಿಲ್ ಗಾಡಿಯನ್ನು ನೇರ ಅವನ ಟ್ರಕ್ಕಿನ ಬಳಿಗೇ ತಂದ.

"ತಗೋ. ಸೋಮವಾರ ಕೊಡಬೇಕಿತ್ತು, ನಿನ್ನ ಹುಟ್ಟಿದ ಹಬ್ಬಕ್ಕೆ. ಇನ್ನು ಮುಚ್ಚಿಡೋಕಾಗಲ್ಲ."

"ಅಂದ್ರೆ?"

"ನಿನ್ನ ಹೆಂಡತಿ ನೊರೀನ್ ಕಳಿಸಿದ್ದು ಕಣೋ. ರಾತ್ರಿಯೆಲ್ಲ ನಿದ್ದೇಲಿ 'ನೀಲಿ ವ್ಯಾನು, ಕೊನೇ ಸಾಲು' ಅಂತೀಯಂತೆ. ನಿಮ್ಮಪ್ಪನ ಹಳೇ ಪಿಯಾನೊ ಮಾರಿ ದುಡ್ಡು ಕೊಟ್ಟಳು. ಬ್ರಾಕೆಟ್ ಬೆಲೇಲಿ ತಂದ್ರೆ, ಉಳಿದಿದ್ರಲ್ಲಿ ಬೆಲ್ಟು ಮತ್ತೆ ಮೆಕ್ಯಾನಿಕ್ ಕೂಲಿ ಆಗುತ್ತೆ, ನೀನೇ ಕೂರಿಸಿದರೆ ಮನೆ ಸುಡುತ್ತೆ ಅಂದಳು. ಈಗ ಒಂದು ಬಿಡಿಕಾಸೂ ಉಳಿದಿಲ್ಲ. ಯಾವನೋ ಹೋಗಿ ಚಾಡಿ ಹೇಳಿದ್ದಾನೆ."

ಲೆಸ್ಟರ್ ಟ್ರಕ್ಕಿನ ಬಾಗಿಲು ಒರೆಸತೊಡಗಿದ. "ಯಾ... ಯಾರಿರಬಹುದು?"

"ನನಗೆ ಆ ಕೆಂಪು ಟೊಪ್ಪಿಯವನ ಮೇಲೆ ಅನುಮಾನ."

"ನನಗೂ ಅಷ್ಟೇ," ಎಂದ ಲೆಸ್ಟರ್, ತುಂಬ ಬೇಗ. "ಬೆಳಿಗ್ಗೆಯಿಂದ ಅವನ ಕಣ್ಣೇ ಸರಿಯಿಲ್ಲ."

ಹಾಟ್ ಡಾಗ್ ತಿನ್ನುತ್ತಿದ್ದ ಕೆಂಪು ಟೊಪ್ಪಿಯವನನ್ನು ಇಬ್ಬರೂ ದುರುಗುಟ್ಟಿ ನೋಡಿದರು. ಆರ್ವಿಲ್ ಶರ್ಟಿನ ತೋಳು ಮಡಿಸಿದ. ಲೆಸ್ಟರ್ ಅವನ ಕೈ ಹಿಡಿದು, "ಹೋಗ್ಲಿ ಬಿಡು, ಕ್ಷಮಿಸಿಬಿಡೋಣ, ಮನುಷ್ಯನೇ ತಾನೆ," ಎಂದು ಬೇಡಿಕೊಳ್ಳುತ್ತಿರುವಾಗ ಡೊಲೋರೆಸ್ ಏದುಸಿರು ಬಿಡುತ್ತ ಬಂದಳು. ಕೈಯಲ್ಲೊಂದು ಹಳದಿ ಚೀಟಿ.

"ಅಬ್ಬ, ಸಿಕ್ಕಿದ್ರಲ್ಲ ಸಾರ್," ಎಂದಳು ಲೆಸ್ಟರ್‌ಗೆ. "ಕಳ್ಳಮಾಲು ಹಿಡಿದುಕೊಟ್ಟವರಿಗೆ ಮುಂದಿನ ಸಲ ಪ್ರವೇಶ ಉಚಿತ, ಯಜಮಾನರ ಕಟ್ಟಪ್ಪಣೆ. ಹೆಸರು ಬರೀಬೇಕಿತ್ತು. ಏನಂತ ಬರೀಲಿ?"

ಲೆಸ್ಟರ್ ತಳ್ಳುಗಾಡಿಯ ಹಿಂದೆ ಸರಿದ.

"ಲೆಸ್ಟರ್ ಪಿಕೆಟ್ ಅಂತ ಬರೀರಮ್ಮ," ಎಂದ ಆರ್ವಿಲ್ ನಿಧಾನವಾಗಿ. ಸೂಪರ್‌ಚಾರ್ಜರ್ ಮೇಲಿನ ಜಾಕೆಟ್ ತೆಗೆದು ಕೊಡವಿ ತೊಟ್ಟುಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. ಆಮೇಲೆ ಜೇಬಿನಿಂದ ಫೋನ್ ತೆಗೆದು ನೊರೀನ್‌ಳ ನಂಬರ್ ಒತ್ತಿದ.